ಬರಗೂಲವನ್ನು ಎತ್ತಿದ ಮೇಲೆ ಏನು ಮಾಡುವುದು?

2023ರ ಜನವರಿ 1ರಂದು ಸಿಡ್ನಿ ಬಂದರಿನ ಬಾಲ್ಸ್ ಹೆಡ್ ಎಂಬಲ್ಲಿ, ಹಳೆಯ ಕಲ್ಲಿದ್ದಲು ಜೆಟ್ಟಿಗೆ ಕಟ್ಟಿಹಾಕಿದ್ದ ‘ಬರಗೂಲ’ ಎಂಬ ಫೆರಿ ನಿಂತಲ್ಲೇ ಮುಳುಗಿತು. ಅದು ಪ್ರಯಾಣಿಕರನ್ನು ಸಾಗಿಸುವುದನ್ನು ನಿಲ್ಲಿಸಿದ್ದು 1983ರ ಜನವರಿ 8ರಂದು. ಇನ್ನೊಂದು ವಾರ ತೇಲಿದ್ದರೆ ಅದರ ನಿವೃತ್ತಿಗೆ ಸರಿಯಾಗಿ 40 ವರ್ಷ ತುಂಬುತ್ತಿತ್ತು. 1922ರಲ್ಲಿ ನೀರಿಗಿಳಿದ ಹಡಗು 60 ವರ್ಷ ದುಡಿಯಿತು, ಆಮೇಲೆ 40 ವರ್ಷ ಹಗ್ಗಕ್ಕೆ ಕಟ್ಟಿಸಿಕೊಂಡು ನಿಂತಿತು. ಅದನ್ನು ಮುಳುಗಿಸಿದ್ದು ಆ ಕೊನೆಯ 40 ವರ್ಷಗಳ ಬಿಡುವೇ ಎಂಬುದು ನನ್ನ ಎಣಿಕೆ. ಹೀಗೆ ಮುಳುಗಿದ ಹಡಗನ್ನು ಮೇಲೆತ್ತುತ್ತಾರೆ, ಎತ್ತಿದ ಮೇಲೆ ಬಹುಮಟ್ಟಿಗೆ ಗುಜರಿಗೆ ಹಾಕುತ್ತಾರೆ. ಈ ಊರಿನಲ್ಲಿ ವಾಸವಾಗಿರುವ, ಹಳೆಯ ಹಡಗುಗಳ ಬಗ್ಗೆ ಸ್ವಲ್ಪ ಹೆಚ್ಚೇ ಮೋಹವಿರುವ ಕನ್ನಡಿಗನಾಗಿ ಈ ವಿಷಯದಲ್ಲಿ ನನಗನ್ನಿಸಿದ್ದನ್ನು ಬರೆದಿಡುತ್ತಿದ್ದೇನೆ.

ಸಿಡ್ನಿಯನ್ನು ನೋಡದವರಿಗೆ ಒಂದು ಮಾತು. ಇಲ್ಲಿಯ ಬಂದರು ಸಮುದ್ರದಿಂದ ಒಳನಾಡಿಗೆ ಚಾಚಿಕೊಂಡ, ಹಲವಾರು ಕೊಲ್ಲಿಗಳಾಗಿ ಕವಲೊಡೆದ ನೀರು. ನಗರದ ನಡುವಿರುವ ಸರ್ಕ್ಯುಲರ್ ಕೀ ಎಂಬ ದಕ್ಕೆಯಿಂದ ಬಂದರಿನ ಬಾಯಿಯ ಪಕ್ಕದ ಮ್ಯಾನ್ಲಿ ಎಂಬ ಕಡಲತೀರದ ಪೇಟೆಗೆ ಸುಮಾರು 11 ಕಿಲೋಮೀಟರು. ಈ ದಾರಿಯ ವಿಶೇಷವೇನೆಂದರೆ, ಮ್ಯಾನ್ಲಿ ತಲುಪುವ ಮುಂಚೆ ಫೆರಿಯು ‘ಹೆಡ್ಸ್’ ಎಂದು ಕರೆಯುವ ಎರಡು ಕಡಿದಾದ ಬಂಡೆಗಳ ನಡುವಿನ ತೆರೆದ ಬಾಯಿಯನ್ನು ಅಡ್ಡಹಾಯಬೇಕು. ಅಲ್ಲಿ ಪೆಸಿಫಿಕ್ ಸಾಗರದ ಅಲೆಗಳು ನೇರವಾಗಿ ಬಂದು ಹಡಗಿನ ಪಕ್ಕೆಗೆ ಬಡಿಯುತ್ತವೆ. ಬಂದರಿನೊಳಗಿನ ಉಳಿದ ದಾರಿಗಳಿಗೆ ಸಾಕಾಗುವ ಸಣ್ಣ ದೋಣಿ ಈ ದಾರಿಗೆ ಸಾಲದು. ಆದ್ದರಿಂದಲೇ ಮ್ಯಾನ್ಲಿಯ ಫೆರಿಗಳು ಯಾವಾಗಲೂ ಅರ್ಧ ದೋಣಿ, ಅರ್ಧ ಕಡಲ ಹಡಗು ಎಂಬಂತೆ ಕಟ್ಟಲ್ಪಟ್ಟವು.

ಬರಗೂಲವನ್ನು ಪೋರ್ಟ್ ಜಾಕ್ಸನ್ ಆಂಡ್ ಮ್ಯಾನ್ಲಿ ಸ್ಟೀಮ್‌ಶಿಪ್ ಕಂಪೆನಿಗಾಗಿ ಇದೇ ಬಂದರಿನ ಮಾರ್ಟ್ಸ್ ಡಾಕ್ ಎಂಬ ಹಡಗುಕಟ್ಟೆಯಲ್ಲಿ ಕಟ್ಟಿದರು. 1905ರ ‘ಬಿಂಗಾರ’ದಿಂದ ಶುರುವಾದ ಆರು ಫೆರಿಗಳ ಸಾಲಿನಲ್ಲಿ ಇದು ಕೊನೆಯದು. ಉದ್ದ ಸುಮಾರು 60 ಮೀಟರು. ಹೊರಬಲ್ಲ ಜನ ಸುಮಾರು 1500. ಎರಡು ತುದಿಗಳೂ ಮೂತಿಗಳೇ ಆಗಿದ್ದ ಹಡಗು ಇದು. ಎರಡೂ ಕಡೆ ಒಂದೊಂದು ಚುಕ್ಕಾಣಿ, ಒಂದೊಂದು ಚುಕ್ಕಾಣಿ ಕೋಣೆ, ಒಡಲಿನುದ್ದಕ್ಕೂ ಹಾಯ್ದುಹೋದ ಶಾಫ್ಟಿನ ಎರಡು ಕೊನೆಗಳಲ್ಲಿ ಒಂದೊಂದು ಪ್ರೊಪೆಲ್ಲರ್. ಇಕ್ಕಟ್ಟಾದ ದಕ್ಕೆಯಲ್ಲಿ ಹಡಗನ್ನು ತಿರುಗಿಸುವ ತಾಪತ್ರಯವೇ ಇಲ್ಲ. ಕಪ್ತಾನ ಒಂದು ಕೋಣೆಯಿಂದ ಎದ್ದು ಇನ್ನೊಂದಕ್ಕೆ ನಡೆದುಹೋದರೆ ಹಿಂಭಾಗವೇ ಮುಂಭಾಗವಾಯಿತು. ಒಡಲಿನ ಉಕ್ಕಿನ ತಗಡುಗಳನ್ನು ಬೆಸುಗೆ ಹಾಕದೆ, ಕಾಯಿಸಿ ಬಡಿದ ರಿವೆಟ್‌ಗಳಿಂದ ಜೋಡಿಸಿದ ಕಾಲ ಅದು. ಈ ರಿವೆಟ್‌ಗಳ ಮಾತು ಮುಂದೆ ಬರಲಿದೆ.

1932ರಲ್ಲಿ ಹಾರ್ಬರ್ ಸೇತುವೆ ತೆರೆದಾಗ ಸಿಡ್ನಿಯ ಒಳಬಂದರಿನ ಫೆರಿಗಳ ಬೆನ್ನು ಮುರಿಯಿತು. ವರ್ಷಕ್ಕೆ 4 ಕೋಟಿಗೂ ಮೀರಿದ್ದ ಪ್ರಯಾಣಿಕರು ಸುಮಾರು ಒಂದೂವರೆ ಕೋಟಿಗೆ ಇಳಿದರು. ಆದರೆ ಮ್ಯಾನ್ಲಿ ಸೇತುವೆಯ ದಾರಿಗೆ ದೂರವಾಗಿದ್ದುದರಿಂದ ಅಲ್ಲಿಯ ಹಡಗುಗಳು ಬದುಕಿದವು. 1934ರಲ್ಲಿ ಬರಗೂಲ ಒಂದು ತಿಮಿಂಗಿಲಕ್ಕೆ ಡಿಕ್ಕಿ ಹೊಡೆದ ಪ್ರಸಂಗವನ್ನು ಇಲ್ಲಿಯ ಹಳಬರು ಇಂದಿಗೂ ಹೇಳುತ್ತಾರೆ. 1950ರ ದಶಕದ ಕೊನೆಯಲ್ಲಿ ಇದರ ಉಗಿಯಂತ್ರವನ್ನು ಕಿತ್ತು, ಡೀಸೆಲ್ ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸಿ ಮೋಟಾರುಗಳಿಂದ ನಡೆಸುವ ವ್ಯವಸ್ಥೆಯನ್ನು ಕೂರಿಸಿದರು. 1961ರಲ್ಲಿ ಹಡಗು ಮತ್ತೆ ಓಡತೊಡಗಿತು. ಕಂಪೆನಿಯು 1972ರಲ್ಲಿ ಬೇರೊಂದು ಸಂಸ್ಥೆಯ ಕೈಗೆ ಹೋಗಿ, 1974ರಲ್ಲಿ ಫೆರಿಗಳು ಸರ್ಕಾರದ ಪಾಲಿಗೆ ಬಂದವು. 1982ರಿಂದ ‘ಫ್ರೆಶ್‌ವಾಟರ್’ ವರ್ಗದ ಹೊಸ ಹಡಗುಗಳು ಬರತೊಡಗಿದಾಗ ಬರಗೂಲದ ಕೆಲಸ ಮುಗಿಯಿತು.

ಕೆಲಸ ಮುಗಿದ ಹಡಗಿನ ಬದುಕು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯದೆ ಈ ಮುಳುಗಡೆಯನ್ನು ಅರ್ಥ ಮಾಡಿಕೊಳ್ಳಲಾಗದು. ಓಡುವ ಫೆರಿಯನ್ನು ನಿಯಮಿತವಾಗಿ ಸ್ಲಿಪ್‌ವೇ (ಹಡಗನ್ನು ದಡಕ್ಕೆ ಎಳೆದು ನಿಲ್ಲಿಸುವ ಇಳಿಜಾರು) ಮೇಲಕ್ಕೋ ಡ್ರೈ ಡಾಕಿನೊಳಕ್ಕೋ (ನೀರನ್ನು ಹೊರಹಾಕಿ ಒಣಗಿಸುವ ಹಡಗುಕಟ್ಟೆ) ತೆಗೆದುಕೊಂಡು ಹೋಗಿ, ನೀರಿನಡಿಯ ಭಾಗವನ್ನು ಕೆರೆದು, ತಗಡಿನ ದಪ್ಪವನ್ನು ಅಳೆದು, ಸವೆದದ್ದನ್ನು ಬದಲಿಸಿ, ಬಣ್ಣ ಬಳಿದು, ತುಕ್ಕನ್ನು ತನ್ನತ್ತ ಸೆಳೆದುಕೊಂಡು ಕರಗುವ ಸತುವಿನ ತುಂಡುಗಳನ್ನು ಹೊಸದಾಗಿ ಕೂರಿಸಿ ಬಿಡುತ್ತಾರೆ. ಟಿಕೆಟ್ಟಿನ ಹಣವೇ ಈ ಖರ್ಚನ್ನು ಹೊರುತ್ತದೆ, ಪ್ರಯಾಣಿಕರ ಸುರಕ್ಷತೆಯ ಕಾನೂನು ಅದನ್ನು ಒತ್ತಾಯಿಸುತ್ತದೆ. ಓಡಾಟ ನಿಂತ ದಿನ ಈ ಎರಡೂ ನಿಲ್ಲುತ್ತವೆ. ಆಮೇಲೆ ಹಡಗು ಒಡೆಯನಿಂದ ಒಡೆಯನಿಗೆ ಕೈ ಬದಲಾಗುತ್ತದೆ. ಪ್ರತಿಯೊಬ್ಬನ ಬಳಿಯೂ ಒಂದು ಯೋಜನೆ ಇರುತ್ತದೆ, ಯೋಜನೆಗೆ ಬೇಕಾದ ಹಣ ಮಾತ್ರ ಮುಂದಿನ ವರ್ಷ ಬರುವುದಾಗಿರುತ್ತದೆ.

ತುಕ್ಕಿಗೆ ಮುಂದಿನ ವರ್ಷದವರೆಗೆ ಕಾಯುವ ತಾಳ್ಮೆಯಿಲ್ಲ. ನೀರು ಮತ್ತು ಗಾಳಿ ಎರಡೂ ಮುಟ್ಟುವ ನೀರಿನ ಗೆರೆಯ ಪಟ್ಟಿಯಲ್ಲಿ ತಗಡು ಎಲ್ಲಕ್ಕಿಂತ ಬೇಗ ತೆಳುವಾಗುತ್ತದೆ. ರಿವೆಟ್‌ನ ತಲೆ ಸವೆದರೆ ಜೋಡಣೆ ಸಡಿಲಗೊಂಡು ನೀರು ಜಿನುಗುತ್ತದೆ. ಇದಿಷ್ಟೇ ಆದರೆ ಕಡಲ ನೀರಿನ ಕಥೆಯಾಯಿತು. ಮರದ ಮೇಲ್ಕಟ್ಟಡವಿರುವ ಹಳೆಯ ಫೆರಿಗಳಿಗೆ ಮಳೆಯ ನೀರು ಇನ್ನೂ ಕೆಟ್ಟ ಶತ್ರು. ಡೆಕ್ಕಿನ ಹಲಗೆಗಳ ಸಂದಿಯಿಂದ ಇಳಿದ ಸಿಹಿನೀರು ಮರವನ್ನು ಕೊಳೆಯಿಸಿ, ತಳದಲ್ಲಿ ನಿಂತು, ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಕೊನೆಕೊನೆಗೆ ಹಡಗು ತೇಲುವುದು ಒಡಲಿನ ಬಲದಿಂದಲ್ಲ, ತಳದ ನೀರನ್ನು ಹೊರಹಾಕುವ ಪಂಪಿನ ಬಲದಿಂದ. ಪಂಪಿಗೆ ಬೇಕಾದ ವಿದ್ಯುತ್ತು ದಡದಿಂದ ಬರಬೇಕು, ಪಂಪು ಕೆಟ್ಟರೆ ಗಮನಿಸುವವರೊಬ್ಬರು ಇರಬೇಕು. ಇಂಥ ಹಡಗುಗಳು ಹಬ್ಬದ ದಿನ, ರಜಾ ದಿನಗಳಲ್ಲಿ ಮುಳುಗಿದ ಸುದ್ದಿ ಓದಿದಾಗ ನನಗೆ ಆಶ್ಚರ್ಯವಾಗುವುದಿಲ್ಲ.

ಬರಗೂಲಕ್ಕೆ ಸ್ವಯಂಸೇವಕರ ಬಲವಿತ್ತು. ‘ಬರಗೂಲ ಪ್ರಿಸರ್ವೇಶನ್ ಅಸೋಸಿಯೇಶನ್’ ಎಂಬ ಸಂಘ ಕಟ್ಟಿಕೊಂಡು ಜನ ವರ್ಷಗಟ್ಟಲೆ ಅದರ ತುಕ್ಕು ಕೆರೆದರು, ಎಂಜಿನ್ನಿಗೆ ಜೀವ ಕೊಡಲು ಹೆಣಗಿದರು. ಅವರ ಶ್ರಮವನ್ನು ಕಡೆಗಣಿಸುವ ಉದ್ದೇಶ ನನಗಿಲ್ಲ. ಆದರೆ ಶನಿವಾರ ಬಂದು ದುಡಿಯುವ ಹತ್ತಾರು ಕೈಗಳು ನೀರಿನ ಮೇಲಿನ ಭಾಗವನ್ನು ಕಾಪಾಡಬಲ್ಲವು. ನೀರಿನ ಕೆಳಗಿನ ಭಾಗವನ್ನು ಮುಟ್ಟಲು 60 ಮೀಟರಿನ ಹಡಗನ್ನು ಹೊರಬಲ್ಲ ಡಾಕ್ ಬೇಕು, ಅಲ್ಲಿಯವರೆಗೆ ಎಳೆದೊಯ್ಯಲು ಟಗ್‌ ದೋಣಿಗಳು ಬೇಕು, ವಿಮೆ ಬೇಕು, ಮತ್ತು ಎಲ್ಲಕ್ಕಿಂತ ಮೊದಲು ಮರಳಿ ಬಂದು ನಿಲ್ಲಲು ಜಾಗ ಬೇಕು. ಮಾರ್ಟ್ಸ್ ಡಾಕ್ ಯಾವತ್ತೋ ಮುಚ್ಚಿಹೋಗಿ ಅದರ ಜಾಗದಲ್ಲಿ ಈಗ ಪಾರ್ಕು, ಮನೆಗಳಿವೆ. ದುಡಿಯುವ ಬಂದರು ದಡದಿಂದ ದಡಕ್ಕೆ ವಸತಿಯ ಬಂದರಾಗುತ್ತ ಹೋದಂತೆ, ಹಳೆಯ ದೊಡ್ಡ ಹಡಗಿಗೆ ನಿಲ್ಲುವ ತಾಣವೂ ರಿಪೇರಿಯ ತಾಣವೂ ಒಟ್ಟಿಗೇ ಇಲ್ಲವಾದವು. ಬಾಲ್ಸ್ ಹೆಡ್‌ನ ಜೆಟ್ಟಿಯೂ ತಾನೇ ನಿವೃತ್ತವಾದದ್ದು. ಉಗಿಹಡಗುಗಳಿಗೆ ಕಲ್ಲಿದ್ದಲು ತುಂಬಲೆಂದು ಸುಮಾರು ನೂರು ವರ್ಷಗಳ ಹಿಂದೆ ಕಟ್ಟಿ, 1990ರ ದಶಕದ ಆರಂಭದಲ್ಲಿ ಕೆಲಸ ನಿಲ್ಲಿಸಿದ ಆ ಸ್ಥಳವನ್ನು ನಗರಸಭೆ ಈಗ ಪರಿಸರ ಕೇಂದ್ರವನ್ನಾಗಿ ಮಾಡಿದೆ.

ಮುಳುಗಿದ ಹಡಗನ್ನು ಎತ್ತುವುದೆಂದರೆ ಕ್ರೇನು ತಂದು ಕೊಂಡಿ ಸಿಕ್ಕಿಸಿ ಎಳೆಯುವುದೆಂದು ಅನೇಕರು ಭಾವಿಸುತ್ತಾರೆ. ಮೊದಲ ಕೆಲಸ ಎತ್ತುವುದೇ ಅಲ್ಲ. ಸುತ್ತಲೂ ತೇಲುವ ತಡೆಪಟ್ಟಿಯನ್ನು ಹಾಕಿ ಎಣ್ಣೆ ಹರಡದಂತೆ ನೋಡಿಕೊಳ್ಳಬೇಕು. ಮುಳುಗುಗಾರರು ಇಳಿದು, ಟ್ಯಾಂಕುಗಳಲ್ಲಿ ಉಳಿದ ಎಣ್ಣೆಯನ್ನು ಹೀರಿ ತೆಗೆಯಬೇಕು. ಒಡಲು ತಳದ ಕೆಸರಿನಲ್ಲಿ ಎಷ್ಟು ಹೂತಿದೆ, ಎಲ್ಲಿ ಬಿರುಕಿದೆ, ಎಲ್ಲಿ ಮಡಿಸಿಕೊಂಡಿದೆ ಎಂದು ಕತ್ತಲೆಯ ನೀರಿನಲ್ಲಿ ಕೈಯಿಂದ ತಡವಿ ತಿಳಿಯಬೇಕು.

ಆಮೇಲೆ ಇರುವ ದಾರಿಗಳು ಮೂರೇ. ಒಡಲು ಗಟ್ಟಿಯಾಗಿದ್ದರೆ ಕಿಟಕಿ, ಬಾಗಿಲು, ಗಾಳಿಕೊಳವೆಗಳನ್ನೆಲ್ಲ ಮುಚ್ಚಿ, ತೂತುಗಳಿಗೆ ತೇಪೆ ಹಾಕಿ, ಒಳಗಿನ ನೀರನ್ನು ಪಂಪಿನಿಂದ ಹೊರಚೆಲ್ಲಿ ತೇಲಿಸಬಹುದು. ಕೇಳಲು ಸುಲಭ, ಆದರೆ ನೀರು ಅರ್ಧ ಖಾಲಿಯಾದ ಹಡಗು ಪೂರ್ತಿ ಮುಳುಗಿದ ಹಡಗಿಗಿಂತ ಅಪಾಯಕಾರಿ. ಒಳಗೆ ಉಳಿದ ನೀರು ಒಂದು ಪಕ್ಕಕ್ಕೆ ಹರಿದರೆ ತಟ್ಟೆಯಲ್ಲಿಟ್ಟ ಸಾರಿನಂತೆ ಎಲ್ಲವೂ ಅದೇ ಪಕ್ಕಕ್ಕೆ ವಾಲಿ ಹಡಗು ಮಗುಚಿಕೊಳ್ಳುತ್ತದೆ. ಎತ್ತರದ ಮೇಲ್ಕಟ್ಟಡವಿರುವ ಫೆರಿಗೆ ಈ ಅಪಾಯ ಇನ್ನೂ ಹೆಚ್ಚು. ಎರಡನೆಯ ದಾರಿ, ಅಡಿಯಲ್ಲಿ ಪಟ್ಟಿಗಳನ್ನು ತೂರಿಸಿ ದೊಡ್ಡ ತೇಲುಕ್ರೇನಿನಿಂದ ಇಡಿಯಾಗಿ ಎತ್ತುವುದು. ಇಲ್ಲಿ ರಿವೆಟ್‌ಗಳ ಮಾತು ಬರುತ್ತದೆ. ನೀರಿನಲ್ಲಿ ತೇಲುವಾಗ ಹಡಗಿನ ಭಾರವನ್ನು ಒಡಲಿನ ಉದ್ದಗಲಕ್ಕೂ ನೀರು ಹಂಚಿಕೊಂಡು ಹೊರುತ್ತದೆ. ಪಟ್ಟಿಯಲ್ಲಿ ಎತ್ತಿದಾಗ ಅದೇ ಭಾರ, ಕೆಸರಿನ ಹಿಡಿತವೂ ಒಳಗಿನ ನೀರೂ ಸೇರಿ, ಕೆಲವೇ ಗೇಣು ಅಗಲದ ತಗಡಿನ ಮೇಲೆ ಬೀಳುತ್ತದೆ. ನೂರು ವರ್ಷ ಹಳೆಯ, ಬೆರಳಿನಿಂದ ಒತ್ತಿದರೆ ತುಕ್ಕಿನ ಪದರ ಉದುರುವ ಜೋಡಣೆ ಅದನ್ನು ತಡೆಯದೆ ಎರಡಾಗಬಹುದು. ಅದಕ್ಕಾಗಿಯೇ ಇಂಥ ಕಡೆಗಳಲ್ಲಿ ಹೆಚ್ಚಾಗಿ ಮೂರನೆಯ ದಾರಿಯನ್ನು ಹಿಡಿಯುತ್ತಾರೆ: ಇದ್ದಲ್ಲೇ ತುಂಡರಿಸಿ, ಬಾರ್ಜಿನ ಮೇಲಿನ ಕ್ರೇನಿನಿಂದ ತುಂಡುತುಂಡಾಗಿ ಹೆಕ್ಕಿ ತೆಗೆಯುವುದು. ಎತ್ತುವುದೂ ಒಡೆಯುವುದೂ ಅಲ್ಲಿ ಒಂದೇ ಕೆಲಸ.

ಬರಗೂಲದ ಟನ್ನೇಜು 498 ಎಂದು ದಾಖಲೆಗಳಲ್ಲಿರುವುದನ್ನು ಓದಿ, ಅಷ್ಟು ಟನ್ ಉಕ್ಕು ಮಾರಿದರೆ ಖರ್ಚು ಹೊರಬರುವುದಲ್ಲವೇ ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ಹಾಗಲ್ಲ. ಅದು ಒಳಗಿನ ಅವಕಾಶದ ಅಳತೆ. ನೂರು ಘನ ಅಡಿಗೆ ಒಂದು ಟನ್ ಎಂದು ಲೆಕ್ಕ ಹಿಡಿಯುವ ಹಳೆಯ ಪದ್ಧತಿ. ತೂಕಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಸಿಗುವ ಉಕ್ಕು ಕೂಡ ಕೆಸರು, ಕಡಲ ಚಿಪ್ಪು, ಕೊಳೆತ ಮರದೊಂದಿಗೆ ಬೆರೆತು ಬರುತ್ತದೆ. ಆ ಕಾಲದ ಹಡಗುಗಳ ಎಂಜಿನ್ ಕೋಣೆಯಲ್ಲಿ ಶಾಖ ತಡೆಯಲು ಕಲ್ನಾರನ್ನು (ಆಸ್ಬೆಸ್ಟಾಸ್) ಸುತ್ತುತ್ತಿದ್ದರು, ಒಡಲಿಗೆ ಸೀಸದ ಬಣ್ಣ ಬಳಿಯುತ್ತಿದ್ದರು. ವಿಷಕಾರಿಯಾದ ಇವೆರಡನ್ನೂ ಬೇರ್ಪಡಿಸಿ ಕಾನೂನಿನಂತೆ ಹೂಳುವ ಖರ್ಚು ಗುಜರಿಯ ಬೆಲೆಯನ್ನು ಸುಲಭವಾಗಿ ನುಂಗಿಹಾಕುತ್ತದೆ. ಗುಜರಿಯವನ ದೃಷ್ಟಿಯಿಂದ ನಿಜವಾದ ಬೆಲೆ ಇರುವುದು ಪ್ರೊಪೆಲ್ಲರಿನ ಕಂಚು, ಕೇಬಲ್ಲುಗಳ ತಾಮ್ರದಂಥ ಕೆಲವೇ ವಸ್ತುಗಳಿಗೆ.

ನನ್ನನ್ನು ಕಾಡುವ ಸಂಗತಿ ಇಷ್ಟೇ. ತೇಲುತ್ತಿರುವ ಹಳೆಯ ಹಡಗು ಒಡೆಯನ ಖಾಸಗಿ ಸ್ವತ್ತು. ಅದನ್ನು ಡಾಕಿಗೆ ಹಾಕಿಸಲು ಸಾರ್ವಜನಿಕ ಹಣ ಕೇಳಿದರೆ, ಆಸ್ಪತ್ರೆಗೆ ಹಣವಿಲ್ಲದಾಗ ದೋಣಿಗೇಕೆ ಎಂಬ ಪ್ರಶ್ನೆ ಏಳುತ್ತದೆ, ಆ ಪ್ರಶ್ನೆ ನ್ಯಾಯವೂ ಹೌದು. ಅದೇ ಹಡಗು ಮುಳುಗಿದ ಕ್ಷಣದಲ್ಲಿ ಬಂದರಿಗೆ ಅಡ್ಡಿ, ನೀರಿಗೆ ವಿಷ, ಹಾದುಹೋಗುವವರಿಗೆ ಅಪಾಯ. ತೆರವು ಮಾಡಿಸುವ ಹೊಣೆ ಕಾನೂನಿನ ಪ್ರಕಾರ ಮೊದಲು ಒಡೆಯನದೇ. ಅವನ ಕೈಲಾಗದಿದ್ದರೆ ಸರ್ಕಾರ ಮಾಡಿಸಬೇಕು, ಆಗ ಹಣವಿಲ್ಲ ಎನ್ನಲು ಬರುವುದಿಲ್ಲ. ಉಳಿಸಲು ಸಿಗದ ಹಣ ಅಳಿಸಲು ಸಿಗುತ್ತದೆ, ಮತ್ತು ಹೆಚ್ಚೇ ಸಿಗುತ್ತದೆ. ಮುಳುಗುಗಾರರು, ತೇಲುಕ್ರೇನು, ಎಣ್ಣೆ ತಡೆ, ಕಲ್ನಾರಿನ ವಿಲೇವಾರಿ ಎಲ್ಲ ಸೇರಿದರೆ ಸ್ಲಿಪ್‌ವೇಯ ಬಿಲ್ಲು ಚಿಲ್ಲರೆಯಂತೆ ಕಾಣುತ್ತದೆ. ಇದಕ್ಕೆ ಯಾರೋ ಒಬ್ಬರ ದುರುದ್ದೇಶ ಕಾರಣವಲ್ಲ. ಒಂದು ಖರ್ಚು ಪರಂಪರೆಯ ಕಡತದಲ್ಲಿದೆ, ಇನ್ನೊಂದು ಸುರಕ್ಷತೆಯ ಕಡತದಲ್ಲಿದೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಅಧಿಕಾರಿ ಯಾವ ಇಲಾಖೆಯಲ್ಲೂ ಇಲ್ಲ.

ಮುಳುಗಿದ್ದನ್ನೂ ಉಳಿಸಿದ್ದಾರಲ್ಲ ಎನ್ನುವವರು ‘ಜೇಮ್ಸ್ ಕ್ರೇಗ್’ ಹಾಯಿಹಡಗನ್ನು ತೋರಿಸುತ್ತಾರೆ. ನಿಜ. 1874ರಲ್ಲಿ ಕಟ್ಟಿದ ಆ ಹಡಗು ಟಾಸ್ಮೇನಿಯಾದ ರಿಶೆರ್ಶ್ ಕೊಲ್ಲಿಯಲ್ಲಿ ದಶಕಗಳ ಕಾಲ ಅನಾಥವಾಗಿ ನೆಲಕಚ್ಚಿತ್ತು. 1970ರ ದಶಕದ ಆರಂಭದಲ್ಲಿ ಸ್ವಯಂಸೇವಕರು ತೇಪೆ ಹಾಕಿ ತೇಲಿಸಿದರು. ಸಿಡ್ನಿ ಹೆರಿಟೇಜ್ ಫ್ಲೀಟ್ ಸಂಸ್ಥೆ ಅದನ್ನು ದುರಸ್ತಿ ಮಾಡಿ ಮತ್ತೆ ಹಾಯಿ ಬಿಚ್ಚಿದ್ದು ಈ ಶತಮಾನದ ಆರಂಭದಲ್ಲಿ. ಮಧ್ಯೆ ಸುಮಾರು 30 ವರ್ಷ ಕಳೆದವು. ಅದರ ಒಡಲು ಉಕ್ಕಿನದಲ್ಲ, ಹಳೆಯ ಕಾಲದ ಮೆದುಕಬ್ಬಿಣದ್ದು. ಅದು ಉಪ್ಪುನೀರಿಗೆ ಉಕ್ಕಿಗಿಂತ ಚೆನ್ನಾಗಿ ತಡೆಯುತ್ತದೆ. ಒಳಗೆ ಕಿತ್ತು ಹಾಕಲು ಎಂಜಿನ್ನೂ ಇರಲಿಲ್ಲ, ಕಲ್ನಾರೂ ಇರಲಿಲ್ಲ. ಮೂರು ದಶಕ ಬೆನ್ನಿಗೆ ನಿಂತ ಒಂದು ಸಂಸ್ಥೆ ಇತ್ತು. ಬರಗೂಲಕ್ಕೆ ಇವುಗಳಲ್ಲಿ ಯಾವುದೂ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೂ ಕಷ್ಟವಾಗುತ್ತದೆ.

ಹೊರಕಡಲಿಗೆ ಒಯ್ದು ಮುಳುಗಿಸಿ ಮೀನುಗಳಿಗೆ ಆಸರೆ ಮಾಡಬಾರದೇ ಎನ್ನುವವರೂ ಇದ್ದಾರೆ. ಮ್ಯಾನ್ಲಿಯ ಹಳೆಯ ಫೆರಿಗಳಿಗೆ ಇದು ಹೊಸದಲ್ಲ. ‘ಡೀ ವೈ’ 1976ರಲ್ಲಿ, ಬರಗೂಲದ ಸೋದರಿ ‘ಬೆಲುಬೆರ’ 1980ರಲ್ಲಿ ಸಿಡ್ನಿಯ ಉತ್ತರಕ್ಕೆ ಲಾಂಗ್ ರೀಫ್‌ನಾಚೆ ಹೀಗೆಯೇ ತಳ ಸೇರಿದವು, ಇಂದಿಗೂ ಮುಳುಗುಗಾರರು ಅವುಗಳನ್ನು ನೋಡಲು ಇಳಿಯುತ್ತಾರೆ. ಆದರೆ 1981ರಲ್ಲಿ ಸಮುದ್ರಕ್ಕೆ ಎಸೆಯುವುದನ್ನು ನಿಯಂತ್ರಿಸುವ ಕಾನೂನು ಬಂದಿತು. 2011ರಲ್ಲಿ ‘ಅಡಿಲೇಡ್’ ಎಂಬ ಯುದ್ಧನೌಕೆಯನ್ನು ಅವೋಕಾ ತೀರದಲ್ಲಿ ಮುಳುಗಿಸುವಾಗ, ಒಳಗಿನ ಸೀಸದ ಬಣ್ಣ ಮುಂತಾದ ವಿಷವಸ್ತುಗಳ ಬಗ್ಗೆ ಸ್ಥಳೀಯರು ಎತ್ತಿದ ತಕರಾರಿನಿಂದ ಕೆಲಸ ಒಂದು ವರ್ಷ ಹಿಂದೆ ಬಿದ್ದಿತು. ತೇಲಿಸಿ, ಪೂರ್ತಿ ತೊಳೆದು, ಪರವಾನಗಿ ಪಡೆದು, ಹೆಡ್ಸ್ ದಾಟಿಸಿ ಎಳೆದೊಯ್ಯಬಲ್ಲಷ್ಟು ಗಟ್ಟಿಯಾಗಿದ್ದರೆ, ಆ ಹಡಗನ್ನು ಮುಳುಗಿಸುವ ಅಗತ್ಯವೇ ಇರುವುದಿಲ್ಲ.

ಹಾಗಾದರೆ ಒಡೆಯುವುದೇ ಸರಿ ಎಂದು ನಾನೂ ಹೇಳುತ್ತೇನೆ. ಆದರೆ ಹೇಗೆ ಒಡೆಯುತ್ತಾರೆ ಎಂಬುದರಲ್ಲಿ ಆಯ್ಕೆಯಿದೆ. ಬರಗೂಲ ನೀರಿಗಿಳಿದ 1922ರಲ್ಲೇ ‘ಕುಟ್ಟಬುಲ್’ ಎಂಬ ಇನ್ನೊಂದು ಸಿಡ್ನಿ ಫೆರಿ ತಯಾರಾಯಿತು. 1942ರ ಜೂನ್ 1ರ ನಸುಕಿನಲ್ಲಿ ಜಪಾನಿನ ಪುಟ್ಟ ಜಲಾಂತರ್ಗಾಮಿಯೊಂದು ಬಿಟ್ಟ ಟಾರ್ಪಿಡೋದಿಂದ ಅದು ಗಾರ್ಡನ್ ಐಲೆಂಡಿನಲ್ಲಿ ಮುಳುಗಿತು; ಅದರೊಳಗೆ ಮಲಗಿದ್ದ 21 ನಾವಿಕರು ಸತ್ತರು. ಆ ಹಡಗು ಇಂದು ಇಲ್ಲ, ಆದರೆ ಅದರ ಚುಕ್ಕಾಣಿ ಕೋಣೆ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿದೆ. ಪುಟ್ಟ ಮರದ ಕೋಣೆಯದು. ಅದರ ಅಳತೆಯಿಂದಲೇ ಇಡೀ ಹಡಗಿನ ಅಳತೆಯನ್ನು ಊಹಿಸಿಕೊಳ್ಳಬಹುದು.

ಬರಗೂಲದಂಥ ಹಡಗಿನಿಂದಲೂ ಇಂಥವನ್ನು ಬೇರ್ಪಡಿಸಿ ಇಡಬಹುದು. ನನ್ನನ್ನು ಕೇಳಿದರೆ ಗಂಟೆ, ನಾಮಫಲಕಗಳಿಗಿಂತ ಮೊದಲು ರಿವೆಟ್ ಜೋಡಣೆ ಚೆನ್ನಾಗಿ ಉಳಿದಿರುವ ಒಂದೆರಡು ಮೀಟರಿನ ಒಡಲಿನ ತುಂಡನ್ನು, ಅದರ ಒಳಗಿನ ಪಕ್ಕೆಲುಬುಗಳ ಸಮೇತ, ಕತ್ತರಿಸಿ ಇಡಿ ಎನ್ನುತ್ತೇನೆ. ಗಂಟೆಯನ್ನು ಹೇಗೂ ಯಾರಾದರೂ ಕಾಪಾಡುತ್ತಾರೆ, ಆದರೆ ಸಿಡ್ನಿಯಲ್ಲೇ ಹಡಗು ಕಟ್ಟುತ್ತಿದ್ದವರ ಕೈಕೆಲಸ ಕಾಣುವುದು ಆ ತಗಡಿನಲ್ಲಿ. ಒಡೆಯುವ ಮುನ್ನ ಲೇಸರ್ ಉಪಕರಣದಿಂದ ಇಡೀ ಹಡಗಿನ ಅಳತೆ ತೆಗೆದಿಡುವುದು ಇಂದು ದೊಡ್ಡ ಖರ್ಚಿನ ಮಾತಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗುತ್ತಿಗೆಯ ಕರಾರಿನಲ್ಲೇ ಇವು ಬರೆದಿರಬೇಕು. ಕ್ರೇನು ಬಂದು ದಿನಬಾಡಿಗೆ ಓಡತೊಡಗಿದ ಮೇಲೆ ಚುಕ್ಕಾಣಿ ಕೋಣೆಯನ್ನು ಜೋಪಾನವಾಗಿ ಇಳಿಸಿ ಎಂದರೆ ಯಾವ ಮೇಸ್ತ್ರಿಯೂ ಕಿವಿಗೊಡುವುದಿಲ್ಲ.

ಬರಗೂಲವನ್ನು ನಿವೃತ್ತಿಗೆ ಕಳುಹಿಸಿದ ಫ್ರೆಶ್‌ವಾಟರ್ ವರ್ಗದ ಹಡಗುಗಳೇ ಈಗ ಸರದಿಯಲ್ಲಿವೆ. 70 ಮೀಟರು ಉದ್ದದ, 1100 ಜನರನ್ನು ಹೊರುವ ಆ ನಾಲ್ಕು ಹಡಗುಗಳ ಜಾಗಕ್ಕೆ 400 ಜನರ ಚಿಕ್ಕ ‘ಎಮರಾಲ್ಡ್’ ದೋಣಿಗಳು ಬಂದಿವೆ. ಹಳೆಯವನ್ನು ಓಡಿಸಿ ಎಂದು ಮ್ಯಾನ್ಲಿಯ ಜನ ಹಟ ಹಿಡಿದಿದ್ದಾರೆ. ಆ ಹಟದಲ್ಲಿ ನಾನೂ ಇದ್ದೇನೆ. ಆದರೆ ಸಭೆಗಳಲ್ಲಿ ಕೇಳಿಬರುವುದು ಬರೀ ಓಡಾಟದ ಮಾತು. ಓಡಾಟ ನಿಂತ ಮೇಲೆ ಯಾವ ಜೆಟ್ಟಿ, ಯಾವ ಡಾಕ್, ವರ್ಷಕ್ಕೆ ಎಷ್ಟು ಹಣ, ಯಾರ ಹೆಸರಿನಲ್ಲಿ ಎಂಬ ನಾಲ್ಕು ಪ್ರಶ್ನೆಗಳನ್ನು ಮುಂದಿನ ಸಭೆಯಲ್ಲಿ ಕೇಳಬೇಕೆಂದು ಬರೆದಿಟ್ಟುಕೊಂಡಿದ್ದೇನೆ. ಅವುಗಳಿಗೆ ಉತ್ತರವಿಲ್ಲದೆ ಯಾವ ಸಂಘಕ್ಕಾದರೂ ಹಡಗನ್ನು ಒಪ್ಪಿಸುವುದಾದರೆ, ಅದಕ್ಕಿಂತ ಇನ್ನೂ ಗಟ್ಟಿಯಾಗಿರುವಾಗಲೇ ಡಾಕಿಗೆ ಹಾಕಿ ಒಣನೆಲದ ಮೇಲೆ ಒಡೆಯುವುದು ಅಗ್ಗ.